ಎದೆಯುರಿಯ ಗುಳಿಗೆಯೂ ಇತರ ಔಷಧಗಳೂ

ಹಳೆಯ ಕೋಟೆಗೂ ಈರುಳ್ಳಿ ಪೇಟೆಗೂ ಹೆಸರಾದ ಚಾಕಣ ಇಂದು ಮೋಟಾರು ಕಾರ್ಖಾನೆಗಳ ಊರೂ ಆಗಿದೆ. ಉದ್ಯೋಗವನ್ನರಸಿ ಬಂದ ಕನ್ನಡಿಗರೂ ಇಲ್ಲಿ ದುಡಿಯುತ್ತಾರೆ. ಪಾಳಿ ಬದಲಾದಂತೆ ಊಟದ ವೇಳೆಯೂ ಬದಲಾಗುತ್ತದೆ. ರಾತ್ರಿಪಾಳಿ ಮುಗಿಸಿ, ಖಾರದ ಮಿಸಳ ತಿಂದು, ಕೂಡಲೇ ಮಲಗುವವರನ್ನು ಎದೆಯುರಿ, ಹುಳಿತೇಗುಗಳು ಕಾಡುವುದು ಸಹಜ. ಆಗ ಔಷಧದ ಅಂಗಡಿಯಿಂದ ‘ಗ್ಯಾಸಿನ ಗುಳಿಗೆ’ ತಂದು ನುಂಗುವುದು ರೂಢಿ. ಸಕ್ಕರೆ ಕಾಯಿಲೆಗೋ ಹೃದ್ರೋಗಕ್ಕೋ ಊರಿನ ವೈದ್ಯರು ಬರೆದುಕೊಟ್ಟ ಗುಳಿಗೆಗಳು ಬೇರೆ. ಇಲ್ಲಿ ಕೊಂಡದ್ದು ಬೇರೆ. ಇವೆರಡೂ ಒಂದೇ ಹೊಟ್ಟೆಯಲ್ಲಿ ಸೇರುತ್ತವೆ ಎಂಬುದನ್ನು ಮಾತ್ರ ಯಾರೂ ಯೋಚಿಸುವುದಿಲ್ಲ.

ಜಠರದ ಆಮ್ಲ ವ್ಯರ್ಥವಾದ ವಸ್ತುವಲ್ಲ. ಅದು ಆಹಾರವನ್ನು ಜೀರ್ಣಿಸುತ್ತದೆ, ರೋಗಾಣುಗಳನ್ನು ಕೊಲ್ಲುತ್ತದೆ, ಕೆಲವು ಔಷಧಗಳನ್ನು ಕರಗಿಸುತ್ತದೆ. ಅದನ್ನು ತಗ್ಗಿಸುವ ಮದ್ದುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಅಲ್ಯೂಮಿನಿಯಂ, ಮೆಗ್ನೀಸಿಯಂ ಲವಣಗಳುಳ್ಳ ದ್ರವಗಳು ಇದ್ದ ಆಮ್ಲವನ್ನು ಶಮನಗೊಳಿಸುತ್ತವೆ. 1988ರಲ್ಲಿ ಮಾರುಕಟ್ಟೆಗೆ ಬಂದ ಒಮೆಪ್ರಜೋಲ್, ಅನಂತರದ ಪ್ಯಾಂಟೊಪ್ರಜೋಲ್ ಮುಂತಾದುವು ಆಮ್ಲದ ಉತ್ಪತ್ತಿಯನ್ನೇ ತಡೆಯುತ್ತವೆ.

ಮೊದಲ ಬಗೆಯ ಲವಣಗಳು ಸಿಪ್ರೊಫ್ಲಾಕ್ಸಾಸಿನ್, ಟೆಟ್ರಾಸೈಕ್ಲಿನ್‌ಗಳೊಡನೆ ಬೆರೆತು ಅವು ರಕ್ತವನ್ನು ಸೇರದಂತೆ ಮಾಡುತ್ತವೆ; ಸೋಂಕು ಹಾಗೆಯೇ ಉಳಿಯುತ್ತದೆ. ಆದುದರಿಂದ ಸಿಪ್ರೊಫ್ಲಾಕ್ಸಾಸಿನ್ ಅನ್ನು ಇಂಥ ದ್ರವಕ್ಕೆ 2 ಗಂಟೆ ಮೊದಲು ಅಥವಾ 6 ಗಂಟೆ ಅನಂತರ ಸೇವಿಸಬೇಕು. ಥೈರಾಯ್ಡ್ ಗುಳಿಗೆಗೂ ಈ ದ್ರವಕ್ಕೂ 4 ಗಂಟೆಗಳ ಅಂತರವಿರಬೇಕು.

ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರ ವಿಷಯ ಇನ್ನೂ ಗಂಭೀರ. ರಕ್ತ ಹೆಪ್ಪುಗಟ್ಟದಂತೆ ಅವರು ಸೇವಿಸುವ ಕ್ಲೊಪಿಡೊಗ್ರೆಲ್, ಯಕೃತ್ತಿನ ಒಂದು ಕಿಣ್ವದ ನೆರವಿನಿಂದಲೇ ಕ್ರಿಯಾಶೀಲವಾಗುತ್ತದೆ. ಒಮೆಪ್ರಜೋಲ್ ಆ ಕಿಣ್ವವನ್ನೇ ತಡೆಯುತ್ತದೆ. ಇವೆರಡನ್ನೂ ಕೂಡಿಸಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2009ರಲ್ಲಿಯೇ ಎಚ್ಚರಿಸಿದೆ. ಪ್ಯಾಂಟೊಪ್ರಜೋಲಿನಿಂದ ಈ ಅಡ್ಡಿ ಕಡಿಮೆ. ಆಯ್ಕೆ ಮಾತ್ರ ವೈದ್ಯರದೇ.

ಪೋಷಕಾಂಶಗಳ ನಷ್ಟ ಮೆಲ್ಲಮೆಲ್ಲನೆ ಆಗುತ್ತದೆ. ಆಮ್ಲ ಕಡಿಮೆಯಾದರೆ ಕಬ್ಬಿಣ ಹಾಗೂ ಸುಣ್ಣದ ಕಾರ್ಬೊನೇಟ್ ಗುಳಿಗೆಗಳು ಸರಿಯಾಗಿ ಹೀರಲ್ಪಡುವುದಿಲ್ಲ. ದೀರ್ಘಕಾಲ ಸೇವಿಸಿದವರಲ್ಲಿ ಮೆಗ್ನೀಸಿಯಂ ಇಳಿದು ಸ್ನಾಯು ಸೆಳೆತ, ಹೃದಯ ಬಡಿತದ ಏರುಪೇರು ಕಾಣಬಹುದು. ಆಹಾರದಲ್ಲಿನ ಬಿ-12 ಜೀವಸತ್ವವನ್ನು ಬಿಡಿಸುವುದಕ್ಕೂ ಆಮ್ಲ ಬೇಕು. ಸಸ್ಯಾಹಾರಿಗಳಿಗೆ ಇದು ದೊರೆಯುವುದು ಹಾಲು, ಮೊಸರುಗಳಿಂದಲೇ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕೂಡ ಇದನ್ನು ತಗ್ಗಿಸುತ್ತದೆ. ಸಸ್ಯಾಹಾರ, ಮೆಟ್‌ಫಾರ್ಮಿನ್, ವರ್ಷಗಟ್ಟಲೆ ಗ್ಯಾಸಿನ ಗುಳಿಗೆ, ಈ ಮೂರೂ ಕೂಡಿದವರ ಪಾದ ಜೋಮು ಹಿಡಿದರೆ ಸಕ್ಕರೆಯನ್ನೇ ದೂರಿ ಕೂರದೆ ಬಿ-12 ಪರೀಕ್ಷೆ ಮಾಡಿಸುವುದು ಲೇಸು. ತಡವಾದರೆ ನರಗಳ ಹಾನಿ ಶಾಶ್ವತವಾದೀತು.

ಹಾಗೆಂದು ಗುಳಿಗೆಯನ್ನು ತಾವಾಗಿಯೇ ಬಿಡುವುದೂ ಸಲ್ಲದು. ಹಠಾತ್ತನೆ ನಿಲ್ಲಿಸಿದರೆ ಆಮ್ಲ ಹೆಚ್ಚಾಗಿ ಉಕ್ಕಬಹುದು. ಆಸ್ಪಿರಿನ್ ಸೇವಿಸುವ ಕೆಲವರಿಗೆ ಜಠರದ ರಕ್ತಸ್ರಾವ ತಡೆಯಲೆಂದೇ ಅದನ್ನು ಕೊಟ್ಟಿರುತ್ತಾರೆ. ಸಾಮಾನ್ಯ ಎದೆಯುರಿಗೆ 4ರಿಂದ 8 ವಾರಗಳ ಚಿಕಿತ್ಸೆ ಬಹುಮಟ್ಟಿಗೆ ಸಾಕು. ಊಟಕ್ಕೂ ನಿದ್ರೆಗೂ 3 ಗಂಟೆಗಳ ಅಂತರವಿಡುವುದು, ಹೊಗೆಸೊಪ್ಪು ತ್ಯಜಿಸುವುದು ಹಿತಕರ. ಎದೆಯ ಉರಿ ತೋಳಿಗೋ ದವಡೆಗೋ ಹಬ್ಬಿ ಬೆವರು ಬಂದರೆ ಗುಳಿಗೆ ನುಂಗಿ ಕಾಯದೆ ಆಸ್ಪತ್ರೆಗೆ ಧಾವಿಸಬೇಕು.

ಊರಿನ ವೈದ್ಯರ ಚೀಟಿಯನ್ನು ಇಲ್ಲಿಯವರಿಗೂ, ಇಲ್ಲಿ ಕೊಂಡ ಗುಳಿಗೆಯ ಹೆಸರನ್ನು ಊರಿನವರಿಗೂ ತೋರಿಸುವುದು ಪ್ರತಿಯೊಬ್ಬರ ಕರ್ತವ್ಯ. ಎಲ್ಲ ಔಷಧಗಳ ಹೆಸರು ಬರೆದ ಒಂದು ಹಾಳೆ ಜೇಬಿನಲ್ಲಿದ್ದರೆ ಎಷ್ಟೋ ಅನಾಹುತಗಳು ತಪ್ಪುತ್ತವೆ.