ಹಂಚಿದರೂ ತಗ್ಗದ ನಷ್ಟ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಅಂತಹ ನೆಲದ ರೈತನಿಗೆ ಅಪಾಯವನ್ನು ಹಂಚುವ ವಿದ್ಯೆ ಅನುಭವದಿಂದಲೇ ಬಂದುದು. 2023ರ ಜುಲೈ ತಿಂಗಳಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋಗ್ರಾಮಿನ ಟೊಮೆಟೊ ಪೆಟ್ಟಿಗೆಯ ಬೆಲೆ 2,000 ರೂಪಾಯಿಗಳನ್ನು ಮೀರಿತು. ಬೆಲೆ ಕುಸಿದಾಗ ಅದೇ ಹಣ್ಣನ್ನು ರಸ್ತೆಗೆ ಸುರಿದುದೂ ಉಂಟು. ಆದುದರಿಂದಲೇ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಡೆಯ ರೈತರು ಟೊಮೆಟೊ ಒಂದನ್ನೇ ನೆಚ್ಚದೆ ರಾಗಿ, ರೇಷ್ಮೆ, ಮಾವು, ಹೈನುಗಳನ್ನೂ ಆಶ್ರಯಿಸುತ್ತಾರೆ. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತದೆ.

ಟೆನಿಸ್ ಪಂದ್ಯ ನಡೆಯುತ್ತಿರುವಾಗಲೇ ಮೊಬೈಲಿನಲ್ಲಿ ಪಣ ಕಟ್ಟುವ ತರುಣರೂ ಇದೇ ಉಪಾಯವನ್ನು ನಂಬುವುದುಂಟು. ಒಂದು ದೊಡ್ಡ ಪಣಕ್ಕೆ ಬದಲಾಗಿ ಹಲವು ಚಿಕ್ಕ ಪಣಗಳನ್ನು ಕಟ್ಟಿದರೆ ಅಪಾಯ ತಗ್ಗುವುದೆಂಬುದು ಅವರ ವಾದ. ಇದನ್ನು ನಾವು ಗಣಿತದ ಒರೆಗಲ್ಲಿಗೆ ಹಚ್ಚಿ ನೋಡೋಣ.

ಸರ್ವ್ ಮಾಡುವ ಆಟಗಾರನು 10 ಪಾಯಿಂಟುಗಳಲ್ಲಿ 6ನ್ನು ಗೆಲ್ಲುವನೆಂದು ಭಾವಿಸೋಣ. ಆಟ ಡ್ಯೂಸ್‌ಗೆ ಬಂದಿದೆ. ಮುಂದಿನ ಎರಡು ಪಾಯಿಂಟುಗಳೂ ಅವನವಾಗುವ ಸಂಭವ 100ಕ್ಕೆ 36. ಎರಡೂ ಎದುರಾಳಿಯವಾಗುವ ಸಂಭವ 16. ಉಳಿದಂತೆ ಮರಳಿ ಡ್ಯೂಸ್. ಆದಕಾರಣ ಅವನು ಆ ಗೇಮನ್ನು ಗೆಲ್ಲುವ ಸಂಭವ 52ಕ್ಕೆ 36, ಎಂದರೆ 100ಕ್ಕೆ ಸುಮಾರು 69. ಮುಂದಿನ ಪಾಯಿಂಟನ್ನು ಗೆದ್ದರೆ ಅದು 88ಕ್ಕೆ ಏರುತ್ತದೆ, ಸೋತರೆ 42ಕ್ಕೆ ಇಳಿಯುತ್ತದೆ. ಒಂದೇ ಹೊಡೆತಕ್ಕೆ ಇಷ್ಟು ಅಂತರ! ಪರದೆಯ ಮೇಲಿನ ಚಿತ್ರವಾದರೋ ಕೆಲವು ಕ್ಷಣ ತಡವಾಗಿ ಬರುತ್ತದೆ. ಪಣ ಕಟ್ಟಿಸಿಕೊಳ್ಳುವವನಿಗೆ ಅಂಕಣದ ಸುದ್ದಿ ಅದಕ್ಕಿಂತ ಮೊದಲೇ ತಲುಪಿರಬಹುದು.

ಅವನ ಲಾಭದ ಮೂಲ ಬೇರೆಯೇ ಇದೆ. ಸಮಬಲರ ಪಂದ್ಯದಲ್ಲಿ ನ್ಯಾಯವಾಗಿ 10 ರೂಪಾಯಿಗೆ 20 ಮರಳಬೇಕು. ಅವನು 19 ಕೊಡುತ್ತಾನೆಂದಿಟ್ಟುಕೊಳ್ಳಿ. ಆಗ ಪ್ರತಿ ಪಣಕ್ಕೂ ಸರಾಸರಿ 50 ಪೈಸೆ ನಷ್ಟ. 100 ಪಣಗಳಿಗೆ ಸರಾಸರಿ ನಷ್ಟ 50 ರೂಪಾಯಿ. ಅದೃಷ್ಟದ ಏರಿಳಿತ ಸುಮಾರು 95. ಇಲ್ಲಿ ಗೆಲ್ಲುವ ಆಸೆ ಇನ್ನೂ ಉಂಟು. 10,000 ಪಣಗಳಾದಾಗ ನಷ್ಟ 5,000ಕ್ಕೆ ಬೆಳೆಯುತ್ತದೆ, ಏರಿಳಿತವಾದರೋ ಕೇವಲ 950. ಏಕೆಂದರೆ ನಷ್ಟವು ಪಣಗಳ ಸಂಖ್ಯೆಯಂತೆ ಬೆಳೆದರೆ, ಏರಿಳಿತವು ಅದರ ವರ್ಗಮೂಲದಂತೆ ಮಾತ್ರ ಬೆಳೆಯುತ್ತದೆ. ಪ್ರಯೋಗಗಳು ಹೆಚ್ಚಿದಷ್ಟೂ ಫಲವು ಸರಾಸರಿಗೆ ಸಮೀಪಿಸುವುದೆಂಬ ಈ ತತ್ತ್ವವನ್ನು ಜೇಕಬ್ ಬರ್ನೂಲಿ ಸಾಧಿಸಿದನು; ಅವನ ಗ್ರಂಥ ಅವನ ಮರಣಾನಂತರ, 1713ರಲ್ಲಿ ಪ್ರಕಟವಾಯಿತು.

ಪಣಗಳನ್ನು ಹಂಚುವುದರಿಂದ ತಗ್ಗುವುದು ಅನಿಶ್ಚಿತತೆಯೇ ಹೊರತು ನಷ್ಟವಲ್ಲ. ಹಂಚಿದಷ್ಟೂ ನಷ್ಟವು ನಿಶ್ಚಿತವಾಗುತ್ತದೆ. ಸೋತ ಮೇಲೆ ಪಣವನ್ನು ಇಮ್ಮಡಿಗೊಳಿಸುವವನ ಗತಿ ಇನ್ನೂ ಕೆಟ್ಟದು: 10 ರೂಪಾಯಿಯಿಂದ ತೊಡಗಿ ಎಂಟು ಸಲ ಸತತವಾಗಿ ಸೋತರೆ 2,550 ರೂಪಾಯಿ ಕೈಬಿಟ್ಟಿರುತ್ತದೆ, ಒಂಬತ್ತನೆಯ ಪಣಕ್ಕೆ ಮತ್ತೆ 2,560 ಬೇಕು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಡೆಸುವುದನ್ನು 2025ರಲ್ಲಿ ಸಂಸತ್ತು ಕಾಯಿದೆಯ ಮೂಲಕ ನಿಷೇಧಿಸಿತು. ಗಣಿತದ ತೀರ್ಪು ಅದಕ್ಕಿಂತ ಮೂರು ಶತಮಾನಗಳಷ್ಟು ಹಳೆಯದು.

ರೈತನಿಗೆ ಹಂಚಿಕೆ ಫಲಿಸುವುದೇಕೆ? ಅವನು ಬಿತ್ತಿದ ಒಂದು ಕಾಳಿಗೆ ನೆಲವು ಹಲವನ್ನು ಮರಳಿಸುತ್ತದೆ. ಹಲವು ವರ್ಷಗಳ ಸರಾಸರಿಯಲ್ಲಿ ಗಳಿಕೆಯ ಆಸೆ ಇರುತ್ತದೆ. ಪಣದ ಗಂಟಿನಲ್ಲಿ ಹೊಸದಾಗಿ ಬೆಳೆಯುವುದು ಏನೂ ಇಲ್ಲ. ಆದುದರಿಂದ ಅಪಾಯವನ್ನು ಹಂಚುವ ಮೊದಲು ಸರಾಸರಿ ಯಾರ ಕಡೆಗಿದೆಯೆಂಬುದನ್ನು ಲೆಕ್ಕಹಾಕಿ ನೋಡುವುದು ವಿವೇಕ.