ಸೋಫಾದ ಬಟ್ಟೆಗೆ ಬೂಷ್ಟು ಹಿಡಿಯದಿರಲು

ಮುಂಬಯಿಯಿಂದ ಕಸಾರಾ ಘಾಟಿಯನ್ನೇರಿ ಇಗತ್‌ಪುರಿಯನ್ನು ದಾಟಿದರೆ ಘೋಟಿ ಸಿಗುತ್ತದೆ. ಸಹ್ಯಾದ್ರಿಯ ಮಗ್ಗುಲಿನ ಈ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡುವು ಕೊಡುವುದು ಅಪರೂಪ. ಇಗತ್‌ಪುರಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆಯಾದರೆ, ಮುಂದಿನ ನಾಸಿಕ ನಗರದಲ್ಲಿ ಅದರ ಮೂರನೆಯ ಒಂದು ಪಾಲೂ ಬೀಳುವುದಿಲ್ಲ. ಹೀಗಾಗಿ ನಾಸಿಕದಲ್ಲಿ ಚೆನ್ನಾಗಿಯೇ ಉಳಿಯುವ ಸೋಫಾ ಘೋಟಿಯ ಮನೆಯಲ್ಲಿ ಒಂದೇ ಮಳೆಗಾಲಕ್ಕೆ ಬೂಷ್ಟು ಹಿಡಿದರೆ ಆಶ್ಚರ್ಯವಿಲ್ಲ. ಕರಾವಳಿ, ಮಲೆನಾಡುಗಳಿಂದ ಬಂದವರಿಗೆ ಈ ಮುಗ್ಗಲು ವಾಸನೆ ಹೊಸದೂ ಅಲ್ಲ.

ಬೂಷ್ಟು ಒಂದು ಬಗೆಯ ಶಿಲೀಂಧ್ರ. ಅದರ ಬೀಜಕಗಳು ಗಾಳಿಯಲ್ಲಿ ಸದಾ ಇರುತ್ತವೆ; ಅವನ್ನು ತಡೆಯಲಾಗದು. ಹತ್ತಿಯ ನಾರು, ಧೂಳು, ಮೈಯಿಂದ ಉದುರುವ ಚರ್ಮದ ಕಣಗಳು ಅದರ ಆಹಾರ. ನೈಲಾನ್ ಬಟ್ಟೆಯ ಮೇಲೂ ಧೂಳು ಕೂರುವುದರಿಂದ ಅದಕ್ಕೂ ವಿನಾಯಿತಿಯಿಲ್ಲ. ನಮ್ಮ ಹಿಡಿತದಲ್ಲಿರುವುದು ತೇವವೊಂದೇ.

ಮಳೆಗಾಲಕ್ಕೆ ಮನೆಗೆ ಬೀಗ ಹಾಕುವಾಗ ಸೋಫಾಗಳಿಗೆ ಪ್ಲಾಸ್ಟಿಕ್ ಹಾಳೆ ಹೊದಿಸುವ ರೂಢಿ ಹಲವರಲ್ಲಿದೆ. ಅದು ಧೂಳನ್ನು ತಡೆದರೂ ಒಳಗಿನ ತೇವವನ್ನು ಹೊರಹೋಗಗೊಡದು. ಒಗೆದು ಚೆನ್ನಾಗಿ ಒಣಗಿಸಿದ ತೆಳು ಹತ್ತಿಯ ಹೊದಿಕೆಯೇ ಲೇಸು. ಮೇ ತಿಂಗಳಲ್ಲೇ ದಿಂಬುಗಳನ್ನು ಬಿಸಿಲಿಗಿಟ್ಟು, ಸಂದುಗಳ ಧೂಳನ್ನು ನಿರ್ವಾತ ಯಂತ್ರದಿಂದ ತೆಗೆಯಬೇಕು. ಸೋಫಾವನ್ನು ಹೊರಗೋಡೆಯಿಂದ ಒಂದು ಗೇಣಾದರೂ ದೂರವಿಡಬೇಕು. ಗೋಡೆ ಸೋರುತ್ತಿದ್ದರೆ ಮೊದಲು ಅದನ್ನು ಸರಿಪಡಿಸಬೇಕು.

ಮಳೆ ಸುರಿಯುವಾಗ ಕಿಟಕಿ ತೆರೆದರೆ ಹಸಿಗಾಳಿಯೇ ಒಳಬರುತ್ತದೆ. ಬಿಸಿಲು ಬಿದ್ದಾಗ ತೆರೆದು, ಉಳಿದ ವೇಳೆ ಫ್ಯಾನ್ ಹಾಕುವುದು ಸರಿ. ಕೋಣೆಯ ಸಾಪೇಕ್ಷ ಆರ್ದ್ರತೆ ಶೇ. 60ಕ್ಕಿಂತ ಕಡಿಮೆಯಿದ್ದರೆ ಬೂಷ್ಟು ಬೆಳೆಯುವುದು ಕಷ್ಟ. ಅದನ್ನು ತೋರಿಸುವ ಚಿಕ್ಕ ಮಾಪಕಗಳು ಅಂಗಡಿಗಳಲ್ಲಿ ದೊರೆಯುತ್ತವೆ. ನೀರೋ ಚಹವೋ ಚೆಲ್ಲಿದರೆ 24ರಿಂದ 48 ಗಂಟೆಗಳೊಳಗೆ ಪೂರ್ತಿ ಒಣಗಿಸಬೇಕು. ನ್ಯಾಫ್ತಲೀನ್ ಗುಳಿಗೆ ಬಟ್ಟೆ ತಿನ್ನುವ ಹುಳುಗಳಿಗೆ ಮದ್ದೇ ಹೊರತು ತೇವವನ್ನು ಹೀರದು.

ಬೂಷ್ಟು ಕಾಣಿಸಿಕೊಂಡರೆ ಮೂಗುಬಾಯಿಗೆ ಮಾಸ್ಕ್ ಧರಿಸಿ, ಸೋಫಾವನ್ನು ಹೊರಗೆ ತಂದು ಮೆತ್ತಗೆ ಬ್ರಷ್ ಮಾಡಬೇಕು. ಒಳಗೇ ಕೊಡವಿದರೆ ಬೀಜಕಗಳು ಮನೆತುಂಬ ಹರಡುತ್ತವೆ. ಬಳಿಕ ನೀರು ಬೆರೆಸಿದ ಆಲ್ಕೊಹಾಲ್‌ನಿಂದ ಒರೆಸಿ ಒಣಗಿಸಬಹುದು. ಮೊದಲು ಬಟ್ಟೆಯ ಮರೆಯ ಮೂಲೆಯಲ್ಲಿ ಬಣ್ಣ ಬಿಡುವುದೇ ಎಂದು ನೋಡಬೇಕು, ಬೆಂಕಿಯಿಂದ ದೂರವಿರಬೇಕು. ಒಳಗಿನ ಫೋಮ್‌ಗೇ ಬೂಷ್ಟು ಇಳಿದಿದ್ದರೆ ಒರೆಸಿ ಫಲವಿಲ್ಲ, ಫೋಮನ್ನೇ ಬದಲಾಯಿಸಬೇಕು. ಆಸ್ತಮಾ ಇರುವ ಮಕ್ಕಳು, ಹಿರಿಯರು ಇರುವ ಮನೆಯಲ್ಲಂತೂ ಸೋಫಾದ ಬೆಲೆಯನ್ನು ನೋಡಿ ಇದನ್ನು ಮುಂದೂಡುವುದು ಬೇಡ. ಬೂಷ್ಟಿನ ಬೀಜಕಗಳು ಅವರ ಉಬ್ಬಸವನ್ನು ಕೆರಳಿಸಬಲ್ಲವು.