ಮೂವತ್ತು ವರ್ಷದಾಚೆಯ ರುಚಿ

1976ರ ಮೇ 24ರಂದು ಬ್ರಿಟಿಷ್ ವೈನ್ ವ್ಯಾಪಾರಿ ಸ್ಟೀವನ್ ಸ್ಪರಿಯರ್ ಪ್ಯಾರಿಸ್‌ನಲ್ಲಿ ಒಂದು ರುಚಿಪರೀಕ್ಷೆ ಏರ್ಪಡಿಸಿದ್ದರು. ಯಾವ ಗ್ಲಾಸಿನಲ್ಲಿ ಯಾವ ವೈನ್ ಇದೆಯೆಂದು ಫ್ರೆಂಚ್ ತೀರ್ಪುಗಾರರಿಗೆ ತಿಳಿಸಿರಲಿಲ್ಲ. ಕೆಂಪು ವೈನ್‌ಗಳಲ್ಲಿ ಮೊದಲ ಸ್ಥಾನ ಸಿಕ್ಕಿದ್ದು ಬೋರ್ಡೋದ ಹೆಸರಾಂತ ಮೂಟೋ ರಾಥ್‌ಶೀಲ್ಡ್ 1970ಕ್ಕಲ್ಲ, ಕ್ಯಾಲಿಫೋರ್ನಿಯಾದ ಸ್ಟ್ಯಾಗ್ಸ್ ಲೀಪ್ 1973ಕ್ಕೆ. ಬೋರ್ಡೋ ಪರ ನಿಂತವರು ತಕರಾರು ತೆಗೆದರು: ನಮ್ಮ ವೈನ್ ಎಳೆಯದಾಗಿದ್ದಾಗ ಬಿಗಿ, ಅದರ ಯೋಗ್ಯತೆ ಗೊತ್ತಾಗುವುದು ವರ್ಷಗಳು ಉರುಳಿದ ಮೇಲೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಇಟ್ಟು ಕುಡಿಯಬೇಕಾದ ವೈನನ್ನು ಇವತ್ತಿನ ಹಿತದಿಂದಷ್ಟೇ ಅಳೆಯಬಾರದು. ಆದರೆ ಅದು ಎಷ್ಟು ಕಾಲ ಬಾಳೀತೆಂಬುದನ್ನು ಊರಿನ ಹೆಸರಿನಿಂದ ತೀರ್ಮಾನಿಸುವುದೂ ತಪ್ಪು. ಅದರ ಸುಳಿವು ಗ್ಲಾಸಿನೊಳಗೇ ಇರುತ್ತದೆ.

ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬರುವ ಟ್ಯಾನಿನ್ ಗೇರುಹಣ್ಣಿನಂತೆ ನಾಲಿಗೆಯನ್ನು ಒಗರಾಗಿ ಹಿಡಿಯುತ್ತದೆ. ಕಾಲ ಕಳೆದಂತೆ ಟ್ಯಾನಿನ್ ಮತ್ತು ಬಣ್ಣದ ಕಣಗಳು ಒಂದಕ್ಕೊಂದು ಬೆಸೆದುಕೊಂಡು, ಒಂದಿಷ್ಟು ಗಸಿಯಾಗಿ ಸೀಸೆಯ ತಳ ಸೇರುತ್ತವೆ. ಒಗರು ಮೆದುವಾಗುತ್ತದೆ, ನೇರಳೆಗೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ, ತಾಜಾ ಹಣ್ಣಿನ ವಾಸನೆ ಹಿಂದೆ ಸರಿದು ತೊಗಲು, ತಂಬಾಕು, ಒಣ ಎಲೆಗಳ ವಾಸನೆ ಮೇಲೇಳುತ್ತದೆ. ಹಾಗೆಂದು ಒಗರೊಂದೇ ಸಾಲದು. ಹಣ್ಣಿನ ಸಾರ ತೆಳುವಾಗಿದ್ದರೆ ಅದು ಮೊದಲು ಬತ್ತಿಹೋಗಿ ಬರೀ ಒಗರು ಉಳಿಯುತ್ತದೆ. ಹುಳಿ ಕಡಿಮೆಯಾದರೆ ವೈನ್ ಸಪ್ಪೆಯಾಗುತ್ತದೆ. ಆದ್ದರಿಂದ ಪರೀಕ್ಷಕರು ಒಗರು, ಹುಳಿ, ಸಾರ ಮೂರೂ ಸಮತೂಕದಲ್ಲಿವೆಯೇ, ನುಂಗಿದ ಮೇಲೂ ರುಚಿ ಬಾಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡುತ್ತಾರೆ.

ಇದೆಲ್ಲ ಬರೀ ಆಡಂಬರ ಎನ್ನುವವರ ಕೈಯಲ್ಲೂ ಪುರಾವೆಯಿದೆ. 2001ರಲ್ಲಿ ಪ್ರಕಟವಾದ ಬೋರ್ಡೋದ ಪ್ರಯೋಗವೊಂದರಲ್ಲಿ, ಕೆಂಪು ಬಣ್ಣ ಬೆರೆಸಿದ ಬಿಳಿ ವೈನಿನ ವಾಸನೆಯನ್ನು 54 ಮಂದಿ ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ಬಣ್ಣಿಸಿದ್ದರು. ಕಣ್ಣು ಮೂಗಿಗೆ ಮೋಸ ಮಾಡುತ್ತದೆ ಎಂಬುದು ದಿಟ. ಆದರೆ ಇದು ಲೇಬಲ್ ಮುಚ್ಚಿ ಪರೀಕ್ಷಿಸಬೇಕೆಂಬುದಕ್ಕೆ ಕಾರಣವೇ ಹೊರತು ಪರೀಕ್ಷೆಯನ್ನೇ ಬಿಡುವುದಕ್ಕಲ್ಲ; ಹುಳಿ, ಟ್ಯಾನಿನ್‌ಗಳನ್ನು ಪ್ರಯೋಗಾಲಯದಲ್ಲೂ ಅಳೆಯಬಹುದು. ಇನ್ನು ಬೋರ್ಡೋ ಪರರ ತಕರಾರಿಗೆ ಬಂದರೆ, ಪ್ಯಾರಿಸ್ ಪರೀಕ್ಷೆಯ ಅವೇ ಕೆಂಪು ವೈನ್‌ಗಳನ್ನು 2006ರಲ್ಲಿ ಮತ್ತೆ ಸವಿದಾಗ ಮೊದಲ ಐದೂ ಸ್ಥಾನ ಕ್ಯಾಲಿಫೋರ್ನಿಯಾದ ಪಾಲಾದವು. 1976ರಲ್ಲಿ ಐದನೆಯದಾಗಿದ್ದ ರಿಡ್ಜ್ ಮಾಂಟೆ ಬೆಲ್ಲೊ 1971 ಈ ಸಲ ಮೊದಲನೆಯದಾಯಿತು. ಅಂದರೆ ಊರಿನ ಹೆಸರನ್ನು ನೆಚ್ಚಿದ ಭವಿಷ್ಯ ಸುಳ್ಳಾಯಿತು, ಎಳೆಯ ವೈನಿನ ಶ್ರೇಯಾಂಕವೂ ಶಾಶ್ವತವಲ್ಲವೆಂದು ಗೊತ್ತಾಯಿತು. ಬಹುಪಾಲು ವೈನ್‌ಗಳು ಎಳೆಯದರಲ್ಲೇ ಕುಡಿಯಲೆಂದು ತಯಾರಾದಂಥವು. ಬಾಳುವ ಕೆಲವಕ್ಕಾದರೂ ಬರೀ ಅಂಕ ಕೊಟ್ಟು, ಯಾವಾಗ ತೆರೆಯಬೇಕೆಂದು ಹೇಳದ ತೀರ್ಪು ಅರ್ಧ ತೀರ್ಪು.